ನೀಲಿ ಮೀನು, ಹಳದಿ ಮೀನು: ಒಂದೇ ಥರ ಕಾಣುವ ಮಲಾವಿ ಸಿಕ್ಲಿಡ್‌ಗಳಲ್ಲಿ ಯಾವುದು ಯಾವುದು?

ಸಿಕ್ಲಿಡ್ ಅಂದರೆ ಮೀನಿನ ಒಂದು ದೊಡ್ಡ ಕುಟುಂಬ, ಇಲ್ಲಿ ಹೋಲಿಸುವವು ಆಫ್ರಿಕಾದ ಮಲಾವಿ ಸರೋವರದವು. ಅಂಗಡಿಯಲ್ಲಿ "ಮಿಕ್ಸ್ ಆಫ್ರಿಕನ್" ಅಂತ ಬರೆದಿರುವ ಟ್ಯಾಂಕ್ ಮುಂದೆ ನಿಂತು ಇದು ಯಾವ ಮೀನು ಅಂತ ಕೇಳಿ ನೋಡಿ. ನೀಲಿ ಇದ್ದರೆ "ಬ್ಲೂ ಸಿಕ್ಲಿಡ್ ಸರ್", ಹಳದಿ ಇದ್ದರೆ "ಎಲ್ಲೋ ಸಿಕ್ಲಿಡ್ ಸರ್". ಮೈಸೂರಿನಲ್ಲಿ ನನಗೆ ಸಿಕ್ಕಿರುವ ಉತ್ತರ ಇವೆರಡೇ. ಹಾಗಾಗಿ ಕುವೆಂಪುನಗರದ ನಮ್ಮ ಮನೆಯ ನಾಲ್ಕಡಿ ಟ್ಯಾಂಕಿನಲ್ಲಿ ಒಂದನ್ನೊಂದು ಹೋಲುವ ಮೀನುಗಳನ್ನೇ ಬೇಕು ಅಂತ ಜೊತೆಗೆ ಹಾಕಿ ಸಾಕಿದೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಬಣ್ಣ ನಂಬಬೇಡಿ. ಗೆರೆ ಯಾವ ಕಡೆಗೆ ಹೋಗುತ್ತದೆ, ಎಲ್ಲಿ ತುಂಡಾಗುತ್ತದೆ ಅಂತ ನೋಡಿ.

ಜಾಸ್ತಿ ತಲೆ ಕೆಡಿಸುವ ಜೋಡಿ ಮೈಂಗಾನೋ ಮತ್ತು ಜೋಹಾನಿ. ಎರಡೂ ಮಲಾವಿ ಸರೋವರದವು, ಎರಡೂ ಬೆಳೆದರೆ ಸುಮಾರು 10 ಸೆಂಟಿಮೀಟರ್. ದೊಡ್ಡ ಗಂಡುಗಳನ್ನು ಪಕ್ಕಪಕ್ಕ ನಿಲ್ಲಿಸಿದರೆ ಎರಡಕ್ಕೂ ಕಪ್ಪಿಗೆ ತಿರುಗಿದ ನೀಲಿ ಮೈ, ಅದರ ಮೇಲೆ ತಲೆಯಿಂದ ಬಾಲಕ್ಕೆ ಎರಡು ತಿಳಿನೀಲಿ ಗೆರೆ. ಮೈಂಗಾನೋ ಗೆರೆ ಪಂಚೆ ಅಂಚಿನ ಹಾಗೆ ಎಲ್ಲೂ ಕಡಿಯದೆ ಸಲೀಸಾಗಿ ಓಡುತ್ತದೆ. ಜೋಹಾನಿಯದು ಅಲ್ಲಲ್ಲಿ ತುಂಡಾಗಿ ಚುಕ್ಕೆ ಚುಕ್ಕೆ ಆಗುತ್ತದೆ. ಇದನ್ನು ನೋಡಬೇಕಾದರೆ ಮೀನು ಪೂರ್ತಿ ಪಕ್ಕಕ್ಕೆ ತಿರುಗಿರಬೇಕು. ಅವು ನಿಂತಲ್ಲಿ ನಿಲ್ಲುವ ಜಾತಿಯಲ್ಲ, ಅದಕ್ಕೆ ಸುಮ್ನೆ ಮೊಬೈಲಿನಲ್ಲಿ ವಿಡಿಯೋ ಮಾಡಿ ಆಮೇಲೆ ನಿಲ್ಲಿಸಿ ನಿಲ್ಲಿಸಿ ನೋಡುವುದು ವಾಸಿ.

ಮರಿಗಳಲ್ಲಾದರೆ ಇಷ್ಟು ಕಷ್ಟವೇ ಇಲ್ಲ. ಮೈಂಗಾನೋ ಮರಿಯಿಂದಲೇ ನೀಲಿ, ಗಂಡಾದರೂ ಹೆಣ್ಣಾದರೂ. ಜೋಹಾನಿ ಮರಿಗಳೆಲ್ಲ ಹಳದಿ, ಸ್ವಲ್ಪ ಕಿತ್ತಳೆ ಬೆರೆತ ಹಳದಿ. ಹೆಣ್ಣು ಕೊನೆಯವರೆಗೂ ಹಾಗೇ ಇರುತ್ತದೆ, ಗಂಡು ಮಾತ್ರ ಬೆಳೆಯುತ್ತಾ ನೀಲಿಯಾಗುತ್ತದೆ. ಆ ಬದಲಾವಣೆ ನೋಡಲು ಚೆನ್ನಾಗಿಲ್ಲ ಬಿಡಿ. ಹಳದಿ ಮಾಸುತ್ತದೆ, ಮೈಯೆಲ್ಲ ಮಸಿ ಬಳಿದ ಹಾಗೆ ಆಗುತ್ತದೆ, ಮನೆಯವರು ಬಂದು "ಇದಕ್ಕೇನೋ ಕಾಯಿಲೆ ಬಂದಿದೆ ಕಣ್ರೀ" ಅಂತಾರೆ. ಕಾಯಿಲೆ ಅಲ್ಲ, ಗಂಡಾಗಿದೆ ಅಷ್ಟೇ. ಇನ್ನೊಂದು ಉಪಾಯ ಇದೆ. ಒಂದಿಂಚಿನ ಮರಿಗಳ ಗುಂಪಿನಲ್ಲಿ ಒಂದೂ ಹಳದಿ ಇಲ್ಲದೆ ಎಲ್ಲವೂ ಗೆರೆ ಇರುವ ನೀಲಿಯೇ ಆಗಿದ್ದರೆ, ಅಂಗಡಿಯವರು ಜೋಹಾನಿ ಅಂದರೂ ನೀವು ಮೈಂಗಾನೋ ಅಂತಲೇ ತಗೊಳ್ಳಿ.

ಗೆರೆ ಬೆನ್ನಿನಿಂದ ಹೊಟ್ಟೆಗೆ ಇಳಿದಿದ್ದರೆ ಅದು ಬೇರೆ ಕಥೆ. ಅಲ್ಲಿ ಪೈಪೋಟಿ ಡೆಮಸೋನಿ, ಸೌಲೋಸಿ, ಕೆನ್ಯಿ ನಡುವೆ. ಡೆಮಸೋನಿ ಅದೇ ಸರೋವರದ ಟಾಂಜಾನಿಯಾ ಕಡೆಯ ದಡದ್ದು, 1994ರಲ್ಲಿ ಹೆಸರು ಪಡೆದ ಮೀನು. ಗಂಡು ಹೆಣ್ಣು ಎರಡೂ ಕಡುನೀಲಿ, ಕಪ್ಪು ಪಟ್ಟಿ ದಟ್ಟ. ಸೌಲೋಸಿ ಗಂಡು ದೂರದಿಂದ ಥೇಟ್ ಅದೇ, ಆದರೆ ಅದರ ಹೆಣ್ಣು ಮತ್ತು ಮರಿಗಳು ಅಚ್ಚ ಹಳದಿ. ಅಂದರೆ ಟ್ಯಾಂಕಿನಲ್ಲಿ ಅದರ ಜೊತೆಗಾರರನ್ನು ನೋಡಿದರೆ ಅರ್ಧ ಉತ್ತರ ಸಿಕ್ಕಿತು. ಸೌಲೋಸಿಯಲ್ಲಿ ಒಂದು ತಮಾಷೆ ಇದೆ. ಯಜಮಾನಿಕೆ ಮಾಡುವ ಗಂಡು ಮಾತ್ರ ಪೂರ್ತಿ ನೀಲಿ, ಏಟು ತಿನ್ನುವ ಗಂಡುಗಳು ಮಂಕಾಗಿ ಹಳದಿಯ ಮಧ್ಯೆ ಅಡಗಿಕೊಂಡಿರುತ್ತವೆ. ನಾನು ದೊಡ್ಡದನ್ನು ಬೇರೆ ಟ್ಯಾಂಕಿಗೆ ಹಾಕಿದ ಮೇಲೆ, ಹೆಣ್ಣು ಅಂದುಕೊಂಡಿದ್ದ ಒಂದು ಮೀನಿಗೆ ಮೆಲ್ಲಗೆ ಪಟ್ಟಿ ಮೂಡಿತು.

ಕೆನ್ಯಿ ಇದೆಲ್ಲದರ ಉಲ್ಟಾ. ಮರಿ ಮತ್ತು ಹೆಣ್ಣು ನೀಲಿ, ಗಂಡು ಹಳದಿ. ಡೆಮಸೋನಿ ಅಂತ ಕೊಡುವ ಕೆನ್ಯಿ ಮರಿ ಗುರುತಿಸುವುದು ಸುಲಭ. ಇದರ ನೀಲಿ ಪೇಲವ, ಪಟ್ಟಿ ಹೊಟ್ಟೆ ಹತ್ತಿರ ಬರುವಷ್ಟರಲ್ಲಿ ಮಾಸಿಹೋಗುತ್ತದೆ. ಬಣ್ಣ ತಿರುಗಿದ ಗಂಡನ್ನೇ "ಎಲೆಕ್ಟ್ರಿಕ್ ಎಲ್ಲೋ" ಅಂತ ಮಾರುವುದೂ ಉಂಟು. ನಿಜವಾದ ಎಲೆಕ್ಟ್ರಿಕ್ ಎಲ್ಲೋಗೆ ಬೆನ್ನಿನ ರೆಕ್ಕೆಯ ಉದ್ದಕ್ಕೂ ಅಚ್ಚುಕಟ್ಟಾದ ಕಪ್ಪು ಗೆರೆ ಇರುತ್ತದೆ, ಮೂತಿ ಸಣ್ಣದು, ಚೂಪು. ಕೆನ್ಯಿಗೆ ಆ ಗೆರೆ ಇಲ್ಲ, ಮೂತಿ ಮೊಂಡು, ಮೈ ಮೇಲೆ ಮಾಸಿದ ಪಟ್ಟಿ ಕಾಣಬಹುದು. ತೀರಾ ಸಣ್ಣ ಎಲೆಕ್ಟ್ರಿಕ್ ಎಲ್ಲೋ ಮರಿಗೆ ಗೆರೆ ಇನ್ನೂ ಬಂದಿರುವುದಿಲ್ಲ, ಅಂಥದ್ದನ್ನು ತಗೊಳ್ಳಲೇಬೇಡಿ. ಇಷ್ಟೆಲ್ಲ ಯಾಕೆ ಅಂದರೆ, ಎಲೆಕ್ಟ್ರಿಕ್ ಎಲ್ಲೋ ಸಾಧು ಪ್ರಾಣಿ. ಕೆನ್ಯಿ 13 ಸೆಂಟಿಮೀಟರ್‌ವರೆಗೆ ಬೆಳೆಯುವ ರೌಡಿ, ನಮ್ಮಲ್ಲಿ ಉಳಿದ ಮೀನುಗಳ ಬಾಲ ಹರಿದು ಹಾಕಿತ್ತು.

ಒಂದು ವಿಷಯ ನೆನಪಿರಲಿ, ತಂದ ದಿನವೇ ಹೆಸರಿಡಬೇಡಿ. ಹೆದರಿದ ಮೀನಿನ ಬಣ್ಣ ಇಳಿದಿರುತ್ತದೆ, ಪಟ್ಟಿಯೂ ಮಂಕು. ಕಲ್ಲು ಜಾಸ್ತಿ ಹಾಕಿ, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7.8ರಿಂದ 8.6, ನೀರು 24ರಿಂದ 28 ಡಿಗ್ರಿ. ಇವಕ್ಕೆ ಗಡಸು ನೀರೇ ಬೇಕು, ಹಾಗಾಗಿ ಬೋರ್‌ವೆಲ್ ಇದ್ದವರಿಗೆ ಅನುಕೂಲ. ಡಿಸೆಂಬರ್ ಚಳಿಗೆ ಹೀಟರ್ ಬೇಕೇ ಬೇಕು.

ಮಂಡ್ಯದಿಂದ ಬಂದಿದ್ದ ನಮ್ಮ ಮಾವ ಟ್ಯಾಂಕ್ ನೋಡಿ "ಇವು ನಮ್ ಕೆರೆ ಜಿಲೇಬಿ ಮೀನಿನ ಜಾತಿ ಥರ ಅದಾವಲ್ಲಪ್ಪಾ" ಅಂದರು. ಸರಿಯಾಗೇ ಹೇಳಿದರು, ತಿಲಾಪಿಯಾ ಕೂಡ ಸಿಕ್ಲಿಡ್ಡೇ. 1952ರಲ್ಲಿ ಭಾರತಕ್ಕೆ ತಂದದ್ದು, ಈಗ ಕೆರೆ ಕೆರೆಯಲ್ಲೂ ಇದೆ.

ಎರಡರಲ್ಲಿ ಒಂದು ಅಂದರೆ ನನ್ನ ಓಟು ಜೋಹಾನಿಗಿಂತ ಮೈಂಗಾನೋಗೆ, ತಂದ ಬಣ್ಣವೇ ಕೊನೆತನಕ ಇರುತ್ತದೆ ಅನ್ನೋ ಕಾರಣಕ್ಕೆ. ಒಂದೇ ಜಾತಿಯಲ್ಲಿ ಎರಡು ಬಣ್ಣ ಬೇಕು ಅನ್ನುವವರು ಸೌಲೋಸಿ ಸಾಕಿ. ಆದರೆ ಮೈಂಗಾನೋ, ಜೋಹಾನಿ ಎರಡನ್ನೂ ಒಟ್ಟಿಗೆ ಇಟ್ಟಿದ್ದರೆ ಮರಿ ಮಾರಲು ಹೋಗಬೇಡಿ. ಹೆಣ್ಣು ಮೂರು ವಾರ ಬಾಯಲ್ಲಿ ಮೊಟ್ಟೆ ಇಟ್ಟುಕೊಂಡು ಗಂಟಲು ಉಬ್ಬಿಸಿ ಓಡಾಡುವಾಗ ಒಳಗಿರುವ ಮರಿಗೆ ಅಪ್ಪ ಯಾರು ಅಂತ ಹೊರಗಿನಿಂದ ಹೇಳಲಾಗದು. ಅಂಥ ಕ್ರಾಸ್ ಮರಿಗಳೇ ನಾಳೆ ಇನ್ನೊಂದು ಅಂಗಡಿಯಲ್ಲಿ "ಬ್ಲೂ ಸಿಕ್ಲಿಡ್ ಸರ್" ಆಗುವುದು.