ದೈತ್ಯನ ಬೆನ್ನೇರುವ ನಿಯಮ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯಲ್ಲಿ ಪುಟ್ಟ ಪಾತ್ರಗಳು

ಮೇಜಿನ ಸುತ್ತ ಕುಳಿತು, ಕಾಲ್ಪನಿಕ ಪಾತ್ರಗಳಾಗಿ ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿ 2014ರಲ್ಲಿ ಬಂದಾಗಿನಿಂದ ನಾನು ಹೆಚ್ಚಾಗಿ ಆಡಿರುವುದು ಹಾಫ್ಲಿಂಗ್ ಎಂಬ ಪುಟ್ಟ ಜನಾಂಗದ ಪಾತ್ರಗಳನ್ನು. ಮೂರು ಅಡಿ ಎತ್ತರದ ಜೀವಿಯೊಂದು ತನಗಿಂತ ಐದು ಪಟ್ಟು ಎತ್ತರದ ಶತ್ರುವಿಗೆ ಎದುರಾದಾಗ ಆ ಅಂತರವನ್ನು ನಿಯಮಪುಸ್ತಕ ಹೇಗೆ ನಿಭಾಯಿಸುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡು ಈ ವಿಮರ್ಶೆ ಬರೆಯುತ್ತಿದ್ದೇನೆ.

2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್, ಅಂದರೆ ಆಟಗಾರರ ನಿಯಮಪುಸ್ತಕ, ಈ ವಿಷಯದಲ್ಲಿ ಕೊಡುವುದಕ್ಕಿಂತ ತಡೆಯುವುದೇ ಹೆಚ್ಚು. ಆಟದಲ್ಲಿ ಜೀವಿಗಳಿಗೆ ಗಾತ್ರದ ದರ್ಜೆಗಳಿವೆ; ತನಗಿಂತ ಒಂದು ದರ್ಜೆಗಿಂತ ಹೆಚ್ಚು ದೊಡ್ಡದಾದ ಜೀವಿಯನ್ನು ಯಾರೂ ಗ್ರ್ಯಾಪಲ್ ಮಾಡುವಂತಿಲ್ಲ (ಹಿಡಿದು ನಿಲ್ಲಿಸುವಂತಿಲ್ಲ), ತಳ್ಳುವಂತೆಯೂ ಇಲ್ಲ. ಭಾರದ ಆಯುಧ ಹಿಡಿದ ಸಣ್ಣ ಗಾತ್ರದ ಪಾತ್ರಕ್ಕೆ ಪ್ರತಿ ಹೊಡೆತದಲ್ಲೂ ಡಿಸ್‌ಅಡ್ವಾಂಟೇಜ್, ಅಂದರೆ ದಾಳವನ್ನು ಎರಡು ಸಲ ಉರುಳಿಸಿ ಕಡಿಮೆ ಬಂದದ್ದನ್ನೇ ತೆಗೆದುಕೊಳ್ಳಬೇಕು. ಇದಕ್ಕೆ ಪ್ರತಿಯಾಗಿ ದೊರೆಯುವುದು ಓಡಾಟದ ಸ್ವಾತಂತ್ರ್ಯ: ಎರಡು ಗಾತ್ರ ದೊಡ್ಡದಾದ ಶತ್ರುವಿನ ಕಾಲುಗಳ ನಡುವೆ ಯಾರು ಬೇಕಾದರೂ ನುಸುಳಬಹುದು, ಹಾಫ್ಲಿಂಗ್‌ಗೆ ಒಂದೇ ಗಾತ್ರದ ವ್ಯತ್ಯಾಸವಿದ್ದರೂ ಸಾಕು. ಆದರೆ ಅಲ್ಲಿ ನಿಲ್ಲುವಂತಿಲ್ಲ, ಇನ್ನೊಂದು ಬದಿಗೆ ಹೋಗಲೇಬೇಕು.

ಹಿಂದಿನ ಆವೃತ್ತಿಗಳು ಗಾತ್ರವನ್ನು ಅಂಕಿಗಳಲ್ಲಿ ಹಿಡಿದಿದ್ದವು. 2003ರ 3.5 ಆವೃತ್ತಿಯಲ್ಲಿ ಸಣ್ಣ ಪಾತ್ರಕ್ಕೆ ಹೊಡೆತದಲ್ಲೂ ರಕ್ಷಣೆಯಲ್ಲೂ ಒಂದೊಂದು ಅಂಕ ಹೆಚ್ಚು ಸಿಗುತ್ತಿತ್ತು, ಕುಬ್ಜರಿಗೂ ನೋಮ್ ಎಂಬ ಇನ್ನೊಂದು ಪುಟ್ಟ ಜನಾಂಗಕ್ಕೂ ದೈತ್ಯರ ವಿರುದ್ಧ ರಕ್ಷಣೆಯಲ್ಲಿ 4 ಅಂಕಗಳ ಲಾಭವಿತ್ತು. ಆ ಲೆಕ್ಕದ ಹೊರೆಯನ್ನು ಇಳಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ತೆರವಾದ ಜಾಗವನ್ನು ಬರಿದಾಗಿ ಬಿಟ್ಟದ್ದು ಮಾತ್ರ ಸರಿಯಲ್ಲ.

ಆ ಜಾಗವನ್ನು ತುಂಬುವ ನಿಯಮ ಆಟ ನಡೆಸುವವರಿಗಾಗಿ ಇರುವ 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿದೆ, ಅದೂ ಐಚ್ಛಿಕವಾಗಿ. ಸಾಕಷ್ಟು ದೊಡ್ಡದಾದ ಶತ್ರುವಿನ ಮೈಯನ್ನೇ ನೆಲವೆಂದು ಭಾವಿಸಿ ಅದರ ಮೇಲೆ ಹತ್ತಲು ಇದು ಅವಕಾಶ ಕೊಡುತ್ತದೆ. ಹತ್ತುವ ಪಾತ್ರ ತನ್ನ ಆಕ್ಷನ್ (ಒಂದು ಸರದಿಯ ಮುಖ್ಯ ಕ್ರಿಯೆ) ಬಳಸಿ ಅಥ್ಲೆಟಿಕ್ಸ್ (ಬಲದ ಕೌಶಲ) ಅಥವಾ ಅಕ್ರೋಬ್ಯಾಟಿಕ್ಸ್ (ಚುರುಕಿನ ಕೌಶಲ) ದಾಳ ಉರುಳಿಸಬೇಕು, ಶತ್ರು ಅದಕ್ಕೆ ಅಕ್ರೋಬ್ಯಾಟಿಕ್ಸ್‌ನಿಂದಲೇ ಉತ್ತರಿಸಬೇಕು. ಗೆದ್ದು ಅಂಟಿಕೊಂಡವರಿಗೆ ಆ ಶತ್ರುವಿನ ಮೇಲಿನ ಪ್ರತಿ ಹೊಡೆತದಲ್ಲೂ ಅಡ್ವಾಂಟೇಜ್, ಅಂದರೆ ಎರಡು ಸಲ ಉರುಳಿಸಿ ಹೆಚ್ಚು ಬಂದದ್ದು ಲೆಕ್ಕಕ್ಕೆ.

ನಮ್ಮ ಮೇಜಿನಲ್ಲಿ ನಡೆದದ್ದನ್ನು ಹೇಳಿದರೆ ಇದರ ಸೊಗಸು ತಿಳಿದೀತು. ಎದುರಿಗಿದ್ದದ್ದು ಹದಿನಾರು ಅಡಿಯ ಹಿಲ್ ಜೈಂಟ್ ಎಂಬ ದೈತ್ಯ, 105 ಹಿಟ್ ಪಾಯಿಂಟ್ (ಜೀವಬಲದ ಅಂಕ). ನನ್ನದು ಮೂರನೇ ಹಂತದ ಹಾಫ್ಲಿಂಗ್ ರೋಗ್ (ಚುರುಕಾದ ಕಳ್ಳನ ಪಾತ್ರ). ದಾಳದ ಅಂಕಕ್ಕೆ ಸೇರಿಸುವ ದೈತ್ಯನ ಅಕ್ರೋಬ್ಯಾಟಿಕ್ಸ್ ‘ಮೈನಸ್ 1’, ನನ್ನದು ‘ಪ್ಲಸ್ 7’, ಹಾಗಾಗಿ ಹತ್ತುವುದು ಕಷ್ಟವಾಗಲಿಲ್ಲ. ಕೆಡವುವಾಗ ದೈತ್ಯ ಬಳಸುವುದು ಅಥ್ಲೆಟಿಕ್ಸ್, ಅಲ್ಲಿ ಅದಕ್ಕೆ ‘ಪ್ಲಸ್ 5’. ಅದು ಗುಹೆಯ ಗೋಡೆಗೆ ಬೆನ್ನು ಉಜ್ಜಿತು, ನನ್ನ ದಾಳದಲ್ಲಿ 1 ಬಿತ್ತು, ಹಾಫ್ಲಿಂಗ್‌ಗಳ ಅದೃಷ್ಟದ ಗುಣದಿಂದ ಮತ್ತೆ ಉರುಳಿಸಿದಾಗ 11 ಬಂದು ಬಚಾವಾದೆ. ಇಲ್ಲಿ ಗಮನಿಸಬೇಕಾದದ್ದು ಬೇರೆಯೇ ಇದೆ: ನನ್ನನ್ನು ಉದುರಿಸಲು ದೈತ್ಯ ತನ್ನ ಇಡೀ ಆಕ್ಷನ್ ಕಳೆದುಕೊಂಡಿತು, ಸರಾಸರಿ 18 ಹಾನಿಯ ಎರಡು ದೊಣ್ಣೆಯೇಟುಗಳು ಆ ಸುತ್ತಿನಲ್ಲಿ ಯಾರ ಮೇಲೂ ಬೀಳಲಿಲ್ಲ. ನೆಲದ ಮೇಲೆ 9 ಹಿಟ್ ಪಾಯಿಂಟ್ ಉಳಿಸಿಕೊಂಡು ನಿಂತಿದ್ದ ನಮ್ಮ ತಂಡದ ಕ್ಲೆರಿಕ್ (ಪುರೋಹಿತ ಪಾತ್ರ) ಬದುಕಿದ್ದು ಅದರಿಂದಲೇ. ಪುಟ್ಟ ದೇಹಕ್ಕೆ ಬಲ ಕೊಡದೆಯೇ ಅದನ್ನು ಯುದ್ಧದ ಕೇಂದ್ರಕ್ಕೆ ತರುವ ಇಂಥ ನಿಯಮ ಈ ಪುಸ್ತಕಗಳಲ್ಲಿ ನನಗೆ ಇನ್ನೊಂದು ಕಂಡಿಲ್ಲ.

ಕೊರತೆಯೂ ಇದೆ. ಮೈಮೇಲಿರುವವರನ್ನು ದೈತ್ಯ ಹೊಡೆಯಬಲ್ಲುದೇ ಎಂಬುದನ್ನು ಆಟ ನಡೆಸುವವರ ವಿವೇಚನೆಗೆ ಬಿಡಲಾಗಿದೆ, ಆಟದ ಮಧ್ಯೆ ಅದು ವಾದಕ್ಕೆ ದಾರಿಯಾಗುತ್ತದೆ. ಕುತ್ತಿಗೆಯ ಹಿಂದೆ ಇದ್ದರೆ ದೊಣ್ಣೆ ತಾಗದು, ತೊಡೆಯ ಬಳಿ ಇದ್ದರೆ ತಾಗುತ್ತದೆ ಎಂದು ನಾವು ಮೊದಲೇ ಒಪ್ಪಿಕೊಂಡೆವು.

2024ರ ಪರಿಷ್ಕೃತ ಹ್ಯಾಂಡ್‌ಬುಕ್ ಭಾರದ ಆಯುಧಗಳಿಗೆ ಗಾತ್ರದ ಬದಲು ಕನಿಷ್ಠ 13 ಅಂಕದ ಬಲ ಅಥವಾ ಚುರುಕನ್ನು ಕೇಳುತ್ತದೆ, ಇದು ಸ್ವಾಗತಾರ್ಹ ಬದಲಾವಣೆ. ಗ್ರ್ಯಾಪಲ್‌ನ ಗಾತ್ರದ ಮಿತಿ ಅಲ್ಲಿಯೂ ಹಾಗೆಯೇ ಇದೆ. ಪುಟ್ಟ ಪಾತ್ರ ಆಡಬಯಸುವವರು 2014ರ ಗೈಡ್ ಇರುವ ಮೇಜನ್ನು ಹುಡುಕಿಕೊಂಡು, ಈ ನಿಯಮ ಬಳಕೆಯಲ್ಲಿದೆಯೇ ಎಂದು ಪಾತ್ರ ರಚಿಸುವ ಮೊದಲೇ ಕೇಳಿ ಖಚಿತಪಡಿಸಿಕೊಳ್ಳಲಿ. ಹಾರುವ ಡ್ರ್ಯಾಗನ್‌ನ ಬೆನ್ನೇರುವ ಯೋಚನೆಯಿದ್ದರೆ, ಪ್ರತಿ ಹತ್ತು ಅಡಿ ಬೀಳುವಿಕೆಗೆ ಆರು ಮುಖದ ಒಂದು ದಾಳದಷ್ಟು ಹಾನಿಯಿದೆ ಎಂಬುದನ್ನೂ ನೆನಪಿಟ್ಟುಕೊಳ್ಳಲಿ.