ಹಳೇ ಆಕ್ಟೇವಿಯಾ 1.8 ಟರ್ಬೊಗೆ ಅಡ್ಜಸ್ಟಬಲ್ ಕ್ಯಾಮ್ ಗೇರ್: ಘಟ್ಟದಲ್ಲಿ ಓಡಿಸಿ ನೋಡಿದ ಮೇಲೆ

ಇಂಜಿನ್ನಿನ ವಾಲ್ವುಗಳನ್ನು ತೆರೆದು ಮುಚ್ಚುವ ದಂಡ ಕ್ಯಾಮ್; ಬೆಲ್ಟು ಅದನ್ನು ತಿರುಗಿಸುವ ಹಲ್ಲಿನ ಚಕ್ರವೇ ಕ್ಯಾಮ್ ಗೇರ್. ನನ್ನ ಸ್ಕೋಡಾ ಆಕ್ಟೇವಿಯಾಗೆ ಹಾಕಿಸಿದ್ದು ಕೋನ ಬದಲಿಸಬಹುದಾದ ಬಗೆಯದು. ಪವರ್ ಏರುತ್ತದೆ ಎಂಬ ಆಸೆಗೆ ಇದನ್ನು ಕೊಳ್ಳುವವರಿದ್ದರೆ ಆ ದುಡ್ಡನ್ನು ಒಳ್ಳೇ ಟೈರಿಗೆ ಹಾಕಿ. ನಾನು ಹಾಕಿಸಿದ್ದು ಬೇರೆ ಕಾರಣಕ್ಕೆ. ಸಿಲಿಂಡರುಗಳ ಮೇಲೆ ಕೂರುವ ಹೆಡ್ಡಿನ ಗ್ಯಾಸ್ಕೆಟ್ ಹೋಗಿ ಹೆಡ್ ಫೇಸಿಂಗ್ (ತಳ ಕೆರೆದು ಸಮಮಾಡುವುದು) ಮಾಡಿಸಬೇಕಾಯಿತು. ಹೆಡ್ಡಿನ ತಳ ಸ್ವಲ್ಪ ಕೆರೆದರೂ ಕ್ರ್ಯಾಂಕಿಗೂ (ಪಿಸ್ಟನ್ನುಗಳು ತಿರುಗಿಸುವ ಕೆಳಗಿನ ದಂಡ) ಕ್ಯಾಮಿಗೂ ಇರುವ ದೂರ ಕಡಿಮೆಯಾಗಿ ಕ್ಯಾಮ್ ತುಸು ಹಿಂದೆ ಬೀಳುತ್ತದೆ, ಅಂದರೆ ವಾಲ್ವ್ ತಡವಾಗಿ ತೆರೆದು ತಡವಾಗಿ ಮುಚ್ಚುತ್ತದೆ. ಕಂಪನಿ ಗೇರಿನಲ್ಲೇ ಅದನ್ನು ಸರಿಮಾಡಬೇಕೆಂದರೆ ಬೆಲ್ಟಿನ ಒಂದು ಹಲ್ಲು ಪೂರ್ತಿ ದಾಟಿಸಬೇಕು, ಅದು ಅತಿಯಾಯಿತು. ಈ ಗೇರಿನಲ್ಲಿ ಹಲ್ಲಿನ ಬಳೆ ಬೇರೆ, ನಡುಭಾಗ ಬೇರೆ. ಬೋಲ್ಟ್ ಸಡಿಲಿಸಿ ಒಂದೊಂದೇ ಡಿಗ್ರಿ ತಿರುಗಿಸಬಹುದು.

ಟರ್ಬೊ ಗಾಡಿಗೆ ಕ್ಯಾಮ್ ಗೇರ್ ಹಾಕಿದರೆ ಓವರ್‌ಲ್ಯಾಪ್ (ಇನ್‌ಟೇಕ್, ಎಕ್ಸಾಸ್ಟ್ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಅವಧಿ) ಕಡಿಮೆ ಮಾಡಬಹುದು ಎಂದು ಸುಮಾರು ಜನ ಹೇಳುತ್ತಾರೆ. ಟರ್ಬೈನಿಗೆ (ಸುಟ್ಟ ಗಾಳಿ ತಿರುಗಿಸುವ ಟರ್ಬೊ ಚಕ್ರ) ಮುಂಚಿನ ಎಕ್ಸಾಸ್ಟ್ ಕೊಳವೆಯಲ್ಲಿ ಒತ್ತಡ ಕಟ್ಟಿಕೊಂಡಾಗ ಎರಡೂ ಕಡೆಯ ವಾಲ್ವ್ ಒಟ್ಟಿಗೆ ತೆರೆದಿದ್ದರೆ ಸುಟ್ಟ ಗಾಳಿ ಸಿಲಿಂಡರಿಗೇ ವಾಪಸು ನುಗ್ಗುತ್ತದೆ, ಆದ್ದರಿಂದ ಅವರ ಮಾತಿಗೆ ಅರ್ಥವಿದೆ. ಆದರೆ ಈ 20 ವಾಲ್ವಿನ ಇಂಜಿನ್ನಿಗೆ ಆ ಮಾತು ಹೊಂದುವುದಿಲ್ಲ. ಇಲ್ಲಿ ಬೆಲ್ಟ್ ತಿರುಗಿಸುವುದು ಎಕ್ಸಾಸ್ಟ್ ಕ್ಯಾಮನ್ನು ಮಾತ್ರ. ಇನ್‌ಟೇಕ್ ಕ್ಯಾಮಿಗೆ ಹೆಡ್ಡಿನ ಇನ್ನೊಂದು ತುದಿಯಿಂದ ಚಿಕ್ಕ ಚೈನು. ಗೇರ್ ತಿರುಗಿಸಿದರೆ ಎರಡೂ ಒಟ್ಟಿಗೇ ಮುಂದೆ ಹೋಗುತ್ತವೆ, ಇಲ್ಲವೇ ಹಿಂದೆ. ಓವರ್‌ಲ್ಯಾಪಿನ ಅಳತೆ ಅಷ್ಟೇ ಇರುತ್ತದೆ, ಜಾಗ ಮಾತ್ರ ಸರಿಯುತ್ತದೆ. ಮಾರುವವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಮೊದಲು ಸೊನ್ನೆಗೆ, ಅಂದರೆ ಕಂಪನಿ ಟೈಮಿಂಗಿಗೆ ತಂದು ಕೆಲವು ತಿಂಗಳು ಓಡಿಸಿದೆ. ಆಮೇಲೆ ಕ್ರ್ಯಾಂಕ್ ಲೆಕ್ಕದಲ್ಲಿ 6 ಡಿಗ್ರಿ ರಿಟಾರ್ಡ್ (ಹಿಂದಕ್ಕೆ) ಮಾಡಿಸಿದೆ. ಕಾರವಾರದ ಕಡೆ ಹೆದ್ದಾರಿಯಲ್ಲಿ ಐದು ಸಾವಿರ ಆರ್‌ಪಿಎಂ ಮೇಲೆ ಗಾಡಿ ಹಗುರವಾಯಿತು, ನಿಜ. ಆದರೆ ದೇವಿಮನೆ ಘಟ್ಟ ಹತ್ತುವಾಗ ಸತ್ತಂತಾಗುತ್ತಿತ್ತು. ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚಿದರೆ ಕಡಿಮೆ ವೇಗದಲ್ಲಿ ಪಿಸ್ಟನ್ ಮೇಲೇರುತ್ತ ಒಳಗೆ ಬಂದ ಗಾಳಿಯನ್ನೇ ಹೊರಗೆ ತಳ್ಳುತ್ತದೆ. ಕಂಪನಿ ಲೆಕ್ಕದಲ್ಲಿ ಈ ಇಂಜಿನ್ನಿಗೆ 1750 ಆರ್‌ಪಿಎಂನಲ್ಲೇ 210 ಎನ್‌ಎಂ ಟಾರ್ಕ್ ಸಿಗಬೇಕು. ಆದರೆ ತಿರುವಿನಲ್ಲಿ ಎದುರಿಗೆ ಲಾರಿ ಬಂದು ಸೆಕೆಂಡ್ ಗೇರಿನಲ್ಲೇ ಗಾಡಿ ನಿಧಾನವಾದಾಗ ಆರ್‌ಪಿಎಂ ಅದಕ್ಕಿಂತ ಕೆಳಗಿಳಿಯುತ್ತದೆ. ನಮ್ಮ ಕಡೆಯ ಓಡಾಟವೆಲ್ಲ ಅಲ್ಲೇ.

ಈಗ 3 ಡಿಗ್ರಿ ಅಡ್ವಾನ್ಸಿನಲ್ಲಿದೆ (ಮುಂದಕ್ಕೆ), ಅಲ್ಲೇ ಇರಲಿ ಅಂತ ಬಿಟ್ಟಿದ್ದೇನೆ. ಎಕ್ಸಾಸ್ಟ್ ವಾಲ್ವ್ ಸ್ವಲ್ಪ ಬೇಗ ತೆರೆಯುವುದರಿಂದ ಬಿಸಿ ಗಾಳಿಯ ಕಸುವು ಟರ್ಬೈನಿಗೆ ಹೆಚ್ಚು ಸಿಗುತ್ತದೆ, ಇನ್‌ಟೇಕ್ ಬೇಗ ಮುಚ್ಚಿ ಗಾಳಿ ಒಳಗೇ ಉಳಿಯುತ್ತದೆ. ಬೂಸ್ಟ್ (ಟರ್ಬೊ ಒಳಗೆ ತಳ್ಳುವ ಗಾಳಿಯ ಒತ್ತಡ) ಒಂಚೂರು ಬೇಗ ಬರುತ್ತದೆ. ಶಿರಸಿಯ ನಮ್ಮ ಮೆಕ್ಯಾನಿಕ್ ಓಡಿಸಿ ನೋಡಿ, "ಘಟ್ಟ ಹತ್ತೂಕೆ ಅಡ್ಡಿಲ್ಲ ಹೆಗ್ಡೇರೇ, ಆದ್ರೆ ಇನ್ನೂ ಮುಂದೆ ಹೋಗೂದು ಬ್ಯಾಡ" ಅಂದ. ಅವನು ಹೇಳಿದ್ದು ಸರಿ. ಏಪ್ರಿಲ್ ಸೆಕೆಯಲ್ಲಿ ಅಂಕೋಲಾ ದಾಟುವಾಗ ಎಸಿ ಹಾಕಿ ನಾಲ್ಕನೇ ಗೇರಿನಲ್ಲಿ ಒತ್ತಿದರೆ ಈಗಲೇ ನಾಕಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ತಾನಾಗಿ ಸಿಡಿದು ಬರುವ ಟಕಟಕ ಸದ್ದು) ಸುಳಿವು ಸಿಗುತ್ತದೆ. ನಾಕ್ ಸೆನ್ಸರ್ ಅದನ್ನು ಹಿಡಿದರೆ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಪ್ಲಗ್ಗಿನ ಕಿಡಿಯನ್ನು ತಡಮಾಡುತ್ತದೆ, ಗಳಿಸಿದ ಪಿಕಪ್ ಅಲ್ಲಿಗೆ ಹೋಯಿತು. 95 ಆಕ್ಟೇನಿನ ಪೆಟ್ರೋಲ್ ಹಾಕಿದಾಗ ಈ ಕಾಟ ಕಡಿಮೆ. ಗೇರ್ ತಿರುಗಿಸಿದರೆ ಕಿಡಿಯ ಟೈಮಿಂಗ್ ಕೂಡ ಬದಲಾಗುತ್ತದೆಯೇ ಎಂದು ಕೇಳುತ್ತಾರೆ. ಇಲ್ಲ, ಅದನ್ನು ಇಸಿಯು ಕ್ರ್ಯಾಂಕ್ ಸೆನ್ಸರ್ ನೋಡಿ ನಿರ್ಧರಿಸುತ್ತದೆ. ಮೈಲೇಜಿನಲ್ಲಿ ನನಗೇನೂ ವ್ಯತ್ಯಾಸ ಕಂಡಿಲ್ಲ.

ಗೇರಿನ ಕೆಲಸ ಚೆನ್ನಾಗಿದೆ, ಹಲ್ಲು ಸವೆದಿಲ್ಲ. ಬೇಜಾರಿನ ವಿಷಯ ಎರಡು. ಅದರ ಮೇಲಿನ ಗೆರೆಗಳು ಕ್ಯಾಮ್ ಡಿಗ್ರಿಯೋ ಕ್ರ್ಯಾಂಕ್ ಡಿಗ್ರಿಯೋ ಎಂದು ಎಲ್ಲೂ ಬರೆದಿಲ್ಲ. ಕ್ಯಾಮ್ ಒಂದು ಸುತ್ತು ತಿರುಗಿದರೆ ಕ್ರ್ಯಾಂಕ್ ಎರಡು ಸುತ್ತು, ಹಾಗಾಗಿ ಇಲ್ಲಿ ತಪ್ಪಿದರೆ ದುಪ್ಪಟ್ಟು ತಪ್ಪು. ಕ್ರ್ಯಾಂಕಿಗೆ ಡಿಗ್ರಿ ವೀಲ್ (ಡಿಗ್ರಿ ಗೆರೆಗಳಿರುವ ತಟ್ಟೆ) ಕಟ್ಟಿ, ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಇಟ್ಟು ಟಿಡಿಸಿ (ಪಿಸ್ಟನ್ ತೀರಾ ಮೇಲೆ ಬರುವ ಜಾಗ) ಹಿಡಿದ ಮೇಲೇ ಗೊತ್ತಾಗಿದ್ದು. ಇನ್ನೊಂದು ಬೋಲ್ಟು. ಗೇರ್ ಅಲ್ಯೂಮಿನಿಯಂ, ಬೋಲ್ಟ್ ಉಕ್ಕಿನದು. ಕರಾವಳಿಯ ಉಪ್ಪು ಗಾಳಿಗೆ ಅವೆರಡು ಸೇರಿದ ಕಡೆ ಬಿಳಿ ಪುಡಿ ಏಳತೊಡಗಿದೆ. ಹೊಳೆಯುವ ಗೇರ್ ಕಾಣಲಿ ಎಂದು ಮೇಲಿನ ಟೈಮಿಂಗ್ ಕವರ್ ತೆಗೆದು ಓಡಿಸುವವರಿದ್ದಾರೆ. ನಮ್ಮ ಮಳೆ, ಕೆಂಪು ಮಣ್ಣಿನಲ್ಲಿ ಅದು ಬೆಲ್ಟಿಗೆ ಕೇಡು. ನಾನು ಕವರ್ ಹಾಕಿಯೇ ಇಟ್ಟಿದ್ದೇನೆ.

ಹಾಕಿಸುವುದೇ ಆದರೆ ಟೈಮಿಂಗ್ ಬೆಲ್ಟ್ ಬದಲಿಸುವಾಗ ಹಾಕಿಸಿ. ವಾಟರ್ ಪಂಪೂ ಅದೇ ಬೆಲ್ಟಿನಲ್ಲಿ ತಿರುಗುವುದರಿಂದ ಒಂದೇ ಕೂಲಿಯಲ್ಲಿ ಮೂರೂ ಮುಗಿಯುತ್ತದೆ. ಸೆಟ್ ಮಾಡಿದ ಮೇಲೆ ಸ್ಟಾರ್ಟ್ ಮಾಡುವ ಮುಂಚೆ ಕ್ರ್ಯಾಂಕನ್ನು ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ಕೂಡುತ್ತದೆಯೇ ನೋಡಬೇಕು. ಈ ಇಂಜಿನ್ನಿನಲ್ಲಿ ಗೇರ್ ಜಾರಿದರೆ ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತದೆ. ಬೋಲ್ಟಿಗೆ ಥ್ರೆಡ್‌ಲಾಕ್ (ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ ಟಾರ್ಕ್ ವ್ರೆಂಚಿನಲ್ಲೇ ಬಿಗಿಸಿ, ಕೆಲವು ದಿನ ಓಡಿಸಿದ ಮೇಲೆ ಇನ್ನೊಮ್ಮೆ ಕವರ್ ತೆಗೆಸಿ ಪರೀಕ್ಷಿಸಿ. ಹೆಡ್ ಫೇಸಿಂಗ್ ಆಗಿರುವ ಗಾಡಿಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು, ಸುಸ್ಥಿತಿಯಲ್ಲಿರುವ ಇಂಜಿನ್ನಿಗೆ ಎರಡು.