ಡಿಎಡ್ಡಾ, ಬಿಎಡ್ಡಾ? ಖರ್ಚೆಷ್ಟು, ಕೈಗೆ ಬರೋದೆಷ್ಟು

ಎರಡೂ ಮೇಷ್ಟ್ರಾಗೋಕೆ ಮಾಡೋ ಟ್ರೈನಿಂಗ್ ಕೋರ್ಸುಗಳೇ. ಡಿಎಡ್, ಅಂದ್ರೆ ಈಗಿನ ಡಿಎಲ್‌ಎಡ್, ಪಿಯುಸಿ ಆದ್ಮೇಲೆ 2 ವರ್ಷ. ಬಿಎಡ್ಡೂ 2 ವರ್ಷಾನೇ, ಆದ್ರೆ ಡಿಗ್ರಿ ಮುಗಿದ್ಮೇಲೆ, ಹಂಗಾಗಿ ಫೀಸಿಗಿಂತ ಜಾಸ್ತಿ ಹೊಡೆತ ಕೊಡೋದು ದುಡಿಮೆ ಇಲ್ದೆ ಬೆಂಗಳೂರಲ್ಲಿ ಪಿಜಿ ಬಾಡಿಗೆ ಕಟ್ಕೊಂಡು ಕೂರೋ ಆ ವರ್ಷಗಳೇ. ಗವರ್ಮೆಂಟ್ ಸೀಟ್ ಸಿಕ್ರೆ ಸರಿ, ಮ್ಯಾನೇಜ್ಮೆಂಟ್ ಸೀಟಿಗೆ ಸಾಲ ಮಾತ್ರ ಮಾಡ್ಬೇಡಿ ಮಾರಾಯ್ರೆ.

2023ರ ಸುಪ್ರೀಂ ಕೋರ್ಟ್ ತೀರ್ಪಾದ್ಮೇಲೆ 1ರಿಂದ 5ನೇ ಕ್ಲಾಸಿಗೆ ಬಿಎಡ್ ನಡೆಯಲ್ಲ, ಡಿಎಡ್ಡೇ ಬೇಕು, ಜೊತೆಗೆ ಟಿಇಟಿ, ಅಂದ್ರೆ ಶಿಕ್ಷಕರ ಅರ್ಹತಾ ಪರೀಕ್ಷೆ. ಹೈಸ್ಕೂಲಿಗೆ ಬಿಎಡ್, ಸರ್ಕಾರಿ ಕೆಲ್ಸ ಆದ್ರೆ ಸಂಬಳದ ಸ್ಕೇಲೂ ಮೇಲೇನೆ, ಆದ್ರೆ ನೇಮಕಾತಿ ಯಾವಾಗ ಕರೀತಾರೋ ದೇವ್ರಿಗೇ ಗೊತ್ತು. ಅಲ್ಲಿವರೆಗೂ ಗಲ್ಲಿ ಪ್ರೈವೇಟ್ ಸ್ಕೂಲೇ ಗತಿ, ಸೇರೋಕ್ ಮುಂಚೆ ಏಪ್ರಿಲ್-ಮೇ ಸಂಬಳ ಕೊಡ್ತೀರಾ ಅಂತ ಬಾಯ್ಬಿಟ್ಟು ಕೇಳಿ. ನಾನಾದ್ರೆ, ಡಿಗ್ರಿಲಿ ಮ್ಯಾಥ್ಸ್ ಸೈನ್ಸ್ ಇದ್ರೆ ಬಿಎಡ್ಡೇ, ಸಂಜೆ ಟ್ಯೂಷನ್ ದುಡ್ಡಲ್ಲೇ ಮನೆ ಬಾಡಿಗೆ ಕಟ್ಟೋ ಮೇಷ್ಟ್ರುಗಳು ಇಲ್ಲಿ ಬೇಕಾದಷ್ಟಿದಾರೆ.